ಮೊದಲು ನೇಣು, ಆಮೇಲೆ ನಿಯಮ

ಸೈನ್ಯದಲ್ಲಿ ಜಾತಿ, ಬಣ್ಣ ಇಲ್ಲ, ಇರೋದು ಶಿಸ್ತು ಒಂದೇ ಅಂತಾರೆ. ಆಗೆಲ್ಲ ನನಗೆ ಅಮೆರಿಕದ ಹೂಸ್ಟನ್ ನೆನಪಾಗುತ್ತೆ.

1917ರ ಆಗಸ್ಟ್ 23. ಕಪ್ಪು ಹೆಂಗಸೊಬ್ಬಳನ್ನು ಬಿಳಿ ಪೊಲೀಸರು ಎಳೆದಾಡಿದರು. ಕೇಳಲು ಹೋದ ಕಪ್ಪು ಸೈನಿಕನಿಗೆ ಏಟು ಬಿತ್ತು. ಅವನನ್ನು ವಿಚಾರಿಸಲು ಹೋದ ಕಾರ್ಪೊರಲ್‌ಗೂ ಬಿತ್ತು. ಕಾರ್ಪೊರಲ್ ಸತ್ತನೆಂಬ ಸುದ್ದಿ ಹಬ್ಬಿ, 24ನೇ ಪದಾತಿ ದಳದ ನೂರಕ್ಕೂ ಹೆಚ್ಚು ಕಪ್ಪು ಸೈನಿಕರು ಬಂದೂಕು ಹಿಡಿದು ಊರಿಗೆ ನುಗ್ಗಿದರು. ಎರಡೂ ಕಡೆ ಹೆಣ ಬಿದ್ದವು.

ಮೊದಲ ಕೋರ್ಟ್ ಮಾರ್ಷಲ್‌ನಲ್ಲಿ 63 ಆರೋಪಿಗಳು. ಎಲ್ಲರ ಪರವಾಗಿ ಒಬ್ಬನೇ ಅಧಿಕಾರಿ, ಅವನೂ ವಕೀಲನಲ್ಲ. ಡಿಸೆಂಬರ್ 11ರ ಬೆಳಗಿನ ಜಾವ 13 ಮಂದಿಯನ್ನು ಒಟ್ಟಿಗೆ ನೇಣಿಗೇರಿಸಿದರು. ಮೇಲ್ಮನವಿಗೆ ದಾರಿಯೇ ಇರಲಿಲ್ಲ. ಲೋಕಕ್ಕೆ ಸುದ್ದಿ ಗೊತ್ತಾಗಿದ್ದೇ ಆಮೇಲೆ. ಕೂಗೆದ್ದಿತು. 1918ರಲ್ಲಿ, ಮರಣದಂಡನೆಗೆ ಮೊದಲು ಮರುಪರಿಶೀಲನೆ ಆಗಲೇಬೇಕೆಂಬ ನಿಯಮ ಬಂತು.

ನಂತರದ ವಿಚಾರಣೆಗಳಲ್ಲಿ ಮರಣದಂಡನೆಗೆ ಗುರಿಯಾದವರು 16. ಅಧ್ಯಕ್ಷ ವಿಲ್ಸನ್ 10 ಮಂದಿಯ ಶಿಕ್ಷೆ ಇಳಿಸಿದ. 6 ಮಂದಿ ನೇಣಿಗೆ ಹೋದರು. ಏಟು ಕೊಟ್ಟ ಪೊಲೀಸರಿಗೆ ಶಿಕ್ಷೆಯಾಗಲಿಲ್ಲ.

2023ರಲ್ಲಿ ಸೈನ್ಯವೇ 110 ಮಂದಿಯ ಶಿಕ್ಷೆ ರದ್ದು ಮಾಡಿ, ವಿಚಾರಣೆ ನ್ಯಾಯವಾಗಿರಲಿಲ್ಲವೆಂದು ಒಪ್ಪಿತು. ಕಾನೂನು ಸುಧಾರಿಸಿತಲ್ಲ ಅನ್ನುವವರುಂಟು. ಸರಿ. ಆ ಸುಧಾರಣೆಗೆ ಕತ್ತು ಕೊಟ್ಟವರು ಯಾರು? ಮರುಪರಿಶೀಲನೆ 16ರಲ್ಲಿ 10 ಜೀವ ಉಳಿಸಿತು ಅಂದರೆ, ಆ 13ರಲ್ಲಿ ಎಷ್ಟು ಉಳಿಯುತ್ತಿದ್ದವು? ಶಿಸ್ತಿನ ಚರಿತ್ರೆ ಬರೆಯುವವರು ಈ ಲೆಕ್ಕ ಒಪ್ಪಿಸಲಿ.