ಇನ್ನಂಜೆ: ಹಿತ್ತಿಲ ಕೋಳಿ ಸಾಯುವುದು ಚಳಿಗಲ್ಲ, ಕೊಕ್ಕರೆ ರೋಗಕ್ಕೆ

ಕಾಪು: ಪೆರಾರ್ದೆ ತಿಂಗಳು ಬಂತೆಂದರೆ ಇನ್ನಂಜೆ, ಶಂಕರಪುರ, ಪಾಂಗಾಳ ಕಡೆ ಒಂದು ಮಾತು ಸಾಮಾನ್ಯ, "ಕೋಳಿ ಚಳಿಗೆ ಸತ್ತಿತು" ಅಂತ. ನಿನ್ನೆ ಸಂಜೆ ಅಂಗಳದಲ್ಲಿ ಹೆಕ್ಕಿಕೊಂಡಿದ್ದ ಹೇಂಟೆ ಬೆಳಿಗ್ಗೆ ಗೂಡು ತೆರೆದರೆ ಬಿದ್ದಿರುತ್ತದೆ. ಎರಡು ದಿನ ಬಿಟ್ಟು ಮತ್ತೆರಡು. ವಾರದೊಳಗೆ ಗೂಡೇ ಖಾಲಿ.

ಅಸಲಿಗೆ ಕರಾವಳಿಯ ಚಳಿಗೆ ಬೆಳೆದ ಕೋಳಿ ಸಾಯುವುದು ತೀರಾ ಅಪರೂಪ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಇಲ್ಲಿ 20 ಡಿಗ್ರಿ ಆಸುಪಾಸು ಇರುತ್ತದೆ. ಮೈತುಂಬ ಪುಕ್ಕ ಇರುವ ಕೋಳಿಗೆ ಅದು ಹಿತವಾದ ಹವೆಯೇ. ಹಿಮ ಬೀಳುವ ದೇಶಗಳಲ್ಲೂ ಜನ ಹಿತ್ತಿಲಲ್ಲಿ ಕೋಳಿ ಸಾಕುತ್ತಾರೆ. ಒಂದರ ಹಿಂದೆ ಒಂದು ಬೀಳುತ್ತಿದ್ದರೆ ಅದು ರೋಗ, ಹೆಚ್ಚಿನ ಸಲ ಕೊಕ್ಕರೆ ರೋಗ. ಪಶು ಆಸ್ಪತ್ರೆಯಲ್ಲಿ ಇದಕ್ಕೆ ರಾಣಿಖೇತ್ ಅನ್ನುತ್ತಾರೆ. 1920ರ ದಶಕದಲ್ಲಿ ಉತ್ತರಾಖಂಡದ ರಾಣಿಖೇತ್‌ನಲ್ಲಿ ಪತ್ತೆಯಾದ್ದರಿಂದ ಆ ಹೆಸರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1926ರಲ್ಲಿ ಕಂಡದ್ದೂ ಇದೇ ರೋಗ.

ಗುರುತು ಹಿಡಿಯುವುದು ಕಷ್ಟವಲ್ಲ. ಕೋಳಿ ಮೇವು ಬಿಟ್ಟು ರೆಕ್ಕೆ ಇಳಿಬಿಟ್ಟು ತೂಗಡಿಸುತ್ತದೆ. ಹಸಿರು ಮಿಶ್ರಿತ ಬಿಳಿ ಭೇದಿ ಆಗುತ್ತದೆ. ಕೊಕ್ಕು ತೆರೆದು ಉಸಿರೆಳೆಯುತ್ತದೆ. ಬದುಕಿ ಉಳಿದ ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ, ಕಾಲು ಎಳೆಯುತ್ತವೆ. ಮೊಟ್ಟೆ ಇಡುವ ಹೇಂಟೆ ಒಮ್ಮೆಲೇ ನಿಲ್ಲಿಸುತ್ತದೆ, ಇಲ್ಲವೇ ತೆಳು ಚಿಪ್ಪಿನ ಮೊಟ್ಟೆ ಇಡುತ್ತದೆ. ಲಸಿಕೆ ಹಾಕದ ಗೂಡಾದರೆ ಹತ್ತರಲ್ಲಿ ಎಂಟೊಂಬತ್ತು ಹೋಗುವುದುಂಟು. ಇದು ವೈರಸ್, ಔಷಧಿ ಇಲ್ಲ. ಮೆಡಿಕಲ್‌ನಿಂದ ತಂದ ಆ್ಯಂಟಿಬಯಾಟಿಕ್ ಗುಳಿಗೆ ಪುಡಿಮಾಡಿ ಕುಡಿಸಿದರೆ ದುಡ್ಡು ದಂಡ. ಅರಶಿನ, ಬೆಳ್ಳುಳ್ಳಿ, ಕಾಳುಮೆಣಸು ಕೊಡುವವರು ಕೊಡಲಿ, ತೊಂದರೆ ಇಲ್ಲ, ಆದರೆ ರೋಗ ಅದರಿಂದ ನಿಲ್ಲದು.

ಊರ ಕೋಳಿಗೆ ರೋಗ ಬರಲ್ಲ, ಗಿರಿರಾಜಕ್ಕೆ ಮಾತ್ರ ಬರೋದು ಅನ್ನುವ ನಂಬಿಕೆಯೂ ಇದೆ. ತಪ್ಪು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜವಾಗಲಿ, ಅಜ್ಜಿ ಕಾಲದಿಂದ ಮನೆಯಲ್ಲಿರುವ ತಳಿಯಾಗಲಿ, ಲಸಿಕೆ ಇಲ್ಲದಿದ್ದರೆ ಎರಡೂ ಒಂದೇ.

ಒಂದು ಬಾಟ್ಲಿ, ಹತ್ತು ಮನೆ

ಲಸಿಕೆ ಇದೆ, ದುಬಾರಿಯೂ ಅಲ್ಲ. ಮರಿಗೆ 5ರಿಂದ 7ನೇ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೇ ವಾರದ ಹೊತ್ತಿಗೆ ಲಸೋಟ ಇನ್ನೊಂದು ಸಲ. 6ರಿಂದ 8 ವಾರ ತುಂಬಿದಾಗ ಆರ್‌ಟುಬಿ ಎಂಬ ಲಸಿಕೆಯನ್ನು ರೆಕ್ಕೆಯ ಬುಡದ ಚರ್ಮದಡಿ ಅರ್ಧ ಎಂಎಲ್ ಚುಚ್ಚುತ್ತಾರೆ. ಮತ್ತೆ ಯಾವಾಗ ಅನ್ನೋದನ್ನು ಪಶುವೈದ್ಯರೇ ಹೇಳುತ್ತಾರೆ.

ತೊಡಕು ಬೇರೆಯೇ ಇದೆ. ಬಾಟ್ಲಿ ಬರುವುದೇ 100, 200 ಅಥವಾ ಅದಕ್ಕೂ ಹೆಚ್ಚು ಕೋಳಿಗೆ ಸಾಲುವ ಲೆಕ್ಕದಲ್ಲಿ. ಒಮ್ಮೆ ಕರಗಿಸಿದರೆ ಸುಮಾರು ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಎಂಟು ಕೋಳಿ ಇರುವ ಮನೆಯವರು "ನಮ್ಮದಕ್ಕೆ ಯಾಕೆ" ಎಂದು ಬಿಡುವುದು ಇಲ್ಲೇ. ನೆರೆಕರೆಯ ಹತ್ತು ಹನ್ನೆರಡು ಮನೆಯವರು ಒಂದು ದಿನ ಗೊತ್ತುಮಾಡಿಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಮೊದಲೇ ತಿಳಿಸಿದರೆ ಒಂದು ಬಾಟ್ಲಿ ಪೂರ್ತಿ ಉಪಯೋಗವಾಗುತ್ತದೆ. ಹಿಂದಿನ ರಾತ್ರಿ ಕೋಳಿಗಳನ್ನು ಗೂಡಿನಿಂದ ಬಿಡದೆ ಇಟ್ಟುಕೊಂಡರೆ ಬೆಳಿಗ್ಗೆ ಹಿಡಿಯಲು ಓಡುವುದು ತಪ್ಪುತ್ತದೆ. ಬಾಟ್ಲಿಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲೇ ತರಬೇಕು; ಸ್ಕೂಟರ್ ಡಿಕ್ಕಿಯಲ್ಲಿ ಬಿಸಿಯಾದರೆ ಅದು ಬರೀ ನೀರು.

ಹಾಕಿದ ಮೇಲೆ ಕೋಳಿಗೆ ಶಕ್ತಿ ಬರಲು ಎರಡು ಮೂರು ವಾರ ಬೇಕು. ಹಾಗಾಗಿ ದೀಪಾವಳಿ ಆಸುಪಾಸಿನಲ್ಲೇ ಮುಗಿಸುವುದು ಒಳ್ಳೆಯದು. ಆಮೇಲೆ ಕೋಲ, ನೇಮದ ದಿನಗಳು. ಮಾರ್ಚ್‌ನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆ. ಊರ ಕೋಳಿಗೆ ಬೆಲೆ ಇರುವುದೂ ಆಗಲೇ, ಕೋಳಿ ಊರಿಂದೂರಿಗೆ ಓಡಾಡುವುದೂ ಆಗಲೇ. ಕೋಳಿ ಅಂಕ ಕಾನೂನಿನ ಪ್ರಕಾರ ಅಪರಾಧ, ಅದು ಬೇರೆ ಮಾತು. ಅಲ್ಲಿಂದ ವಾಪಸ್ ಬಂದ ಹುಂಜ ರೋಗವನ್ನೂ ಜೊತೆಗೆ ತರಬಹುದು. ಹೊರಗಿನಿಂದ ತಂದ ಯಾವ ಕೋಳಿಯನ್ನೂ ಎರಡು ಮೂರು ವಾರ ಬೇರೆ ಗೂಡಲ್ಲಿಟ್ಟು ನೋಡದೆ ಮನೆ ಕೋಳಿಯ ಜೊತೆ ಬಿಡಬಾರದು.

ಚಳಿ ಇರುವುದು ಮರಿಗೆ

ಮರಿಗೆ ಮಾತ್ರ ಚಳಿ ನಿಜವಾದ ಶತ್ರು. ಮೊದಲ ವಾರ ಅದಕ್ಕೆ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬಹುದು. ತಾಯಿ ಕೋಳಿ ಇದ್ದರೆ ಅದೇ ನೋಡಿಕೊಳ್ಳುತ್ತದೆ. ಬೈಕಿನಲ್ಲಿ ಬರುವವರಿಂದ ಕೊಂಡ ಮರಿಯಾದರೆ 25–30ಕ್ಕೆ ಒಂದು 60 ವ್ಯಾಟ್‌ನ ಹಳೇ ಮಾದರಿ ಬಲ್ಬ್ ಸಾಕು. ಎಲ್‌ಇಡಿ ಬಿಸಿಯಾಗದು. ಥರ್ಮಾಮೀಟರ್ ಬೇಡ, ಮರಿಯೇ ಹೇಳುತ್ತದೆ: ಬಲ್ಬಿನಡಿ ಒಂದರ ಮೇಲೊಂದು ಗುಂಪಾದರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ. ಬಲ್ಬ್ ಹುಲ್ಲಿಗೆ, ಗೋಣಿಗೆ ತಾಗದಂತೆ ಗಟ್ಟಿಯಾಗಿ ಕಟ್ಟಬೇಕು.

ದೊಡ್ಡ ಕೋಳಿಯ ಗೂಡಿಗೆ ಬೇಕಾದ್ದು ಬಿಸಿಗಿಂತ ಹೆಚ್ಚಾಗಿ ಒಣ ನೆಲ. ಚಳಿಗಾಲದ ರಾತ್ರಿ ಗಾಳಿ ಬರುವುದು ಮೂಡು ದಿಕ್ಕಿನಿಂದ, ಆ ಬದಿಗೆ ಗೋಣಿ ಕಟ್ಟಿದರಾಯಿತು. ನಾಲ್ಕೂ ಕಡೆ ಟರ್ಪಾಲು ಬಿಗಿದರೆ ಹಿಕ್ಕೆಯ ಗ್ಯಾಸ್ ಒಳಗೇ ನಿಂತು ಕಣ್ಣುರಿ, ನೆಗಡಿ ಶುರುವಾಗುತ್ತದೆ. ಮೇಲ್ಗಡೆ ಗಾಳಿಗೆ ಜಾಗ ಬಿಡಬೇಕು. ಅಡಿಗೆ ಎರಡು ಮೂರು ಇಂಚು ಭತ್ತದ ಹೊಟ್ಟು ಅಥವಾ ಮರದ ಹುಡಿ, ಒದ್ದೆಯಾದ ಕಡೆ ತೆಗೆದು ಹೊಸದು. ಒದ್ದೆ ನೆಲದಲ್ಲಿ ಮರಿಗೆ ರಕ್ತಭೇದಿ ಬರುತ್ತದೆ. ಮುಖ ಊದಿ ಮೂಗಿನಿಂದ ನಾರುವ ಸಿಂಬಳ ಬಂದರೆ ಅದು ಬ್ಯಾಕ್ಟೀರಿಯಾದ ನೆಗಡಿ. ಇವೆರಡಕ್ಕೂ ಔಷಧಿ ಇದೆ, ಬೇಗ ಆಸ್ಪತ್ರೆಗೆ ಹೇಳಬೇಕು ಅಷ್ಟೇ.

ಒಂದು ಬಿದ್ದ ಮೇಲೆ

ರೋಗ ಊರಿಡೀ ಹರಡುವುದು ಹೆಚ್ಚಾಗಿ ಇಲ್ಲಿ. ಒಂದು ಕೋಳಿ ಸತ್ತ ಕೂಡಲೇ ಉಳಿದದ್ದನ್ನು ಸಿಕ್ಕಿದ ರೇಟಿಗೆ ಮಾರುತ್ತಾರೆ. ಸತ್ತದ್ದನ್ನು ತೋಡಿಗೆ ಎಸೆಯುತ್ತಾರೆ. ಪುಕ್ಕ, ಕರುಳು ನಾಯಿ, ಕಾಗೆಯ ಪಾಲು. ಮಾರುವವರಷ್ಟೇ ಅಲ್ಲ, ತೂಗಡಿಸುವ ಕೋಳಿಯನ್ನು ಕಡಿಮೆಗೆ ಸಿಕ್ಕಿತೆಂದು ಕೊಳ್ಳುವ ಅಂಗಡಿಯವರೂ ಯೋಚಿಸಬೇಕು. ಅದೇ ಪಂಜರದ ಉಳಿದ ಕೋಳಿಗೂ ಅದು ತಗಲುತ್ತದೆ.

ಕಾಯಿಲೆ ಕಂಡದ್ದನ್ನು ಬೇರೆ ಬುಟ್ಟಿಗೆ ಹಾಕಿ, ಮೊದಲು ಚೆನ್ನಾಗಿರುವವಕ್ಕೆ ಮೇವು ನೀರು, ಕೊನೆಗೆ ಕಾಯಿಲೆಯದ್ದಕ್ಕೆ ಕೊಡಬೇಕು. ಕೈ, ಚಪ್ಪಲಿ ತೊಳೆಯಬೇಕು. ಸತ್ತದ್ದನ್ನು ಬಾವಿಯಿಂದ ದೂರ, ಮೂರಡಿ ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು. ಹಲವು ಕೋಳಿ ಒಟ್ಟಿಗೆ ಸತ್ತರೆ, ಕಾಗೆಯೂ ಸಾಯುತ್ತಿದ್ದರೆ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಹಕ್ಕಿಜ್ವರದ ಲಕ್ಷಣವೂ ಹೀಗೇ ಕಾಣುತ್ತದೆ, ಲ್ಯಾಬ್ ಪರೀಕ್ಷೆ ಇಲ್ಲದೆ ಯಾವುದೆಂದು ಹೇಳಲಾಗದು. ಪಶು ಸಹಾಯವಾಣಿ 1962.

ಖಾಲಿಯಾದ ಗೂಡಿಗೆ ಮರುವಾರವೇ ಹೊಸ ಮರಿ ತರಬಾರದು. ಹೊಟ್ಟು ಸುಟ್ಟು, ನೆಲ ಕೆರೆದು, ಸುಣ್ಣ ಬಳಿದು, ಬಿಸಿಲಿಗೆ ತೆರೆದಿಟ್ಟು ಕಡಿಮೆಯೆಂದರೆ ಒಂದು ತಿಂಗಳು ಬಿಡಬೇಕು. ತರುವಾಗ ಮರಿಗೆ ಯಾವ ಲಸಿಕೆ ಯಾವಾಗ ಆಗಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಬೇಕು.