ದ್ವೀಪದ ಕಥೆ: ಅಯೋನಾದಲ್ಲಿ ಗಾರೆ ಕಲಸಿದ ಪಾದ್ರಿಗಳು

1/6
ರಿಟ್ರೀಟ್ ಅಂದ್ರೆ ನಿಮ್ಮ ಕಣ್ಮುಂದೆ ಏನು ಬರುತ್ತೆ? ಸಮುದ್ರ, ಮೌನ, ಪ್ರಾರ್ಥನೆ, ಫೋನ್ ಆಫ್, ಅಲ್ವಾ? ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಯೋನಾ ಅಂತ ಒಂದು ಪುಟ್ಟ ದ್ವೀಪ ಇದೆ. ಉದ್ದ ಸುಮಾರು 5 ಕಿ.ಮೀ., ಅಷ್ಟೇ. ಚರ್ಚ್ ಗ್ರೂಪ್‌ಗಳು ವಾರಗಟ್ಟಲೆ ಇರೋಕೆ ಅಲ್ಲಿಗೆ ಹೋಗ್ತವೆ. ಓಬನ್ ಊರಿಂದ ಮಲ್ ದ್ವೀಪಕ್ಕೆ ಒಂದು ಫೆರ್ರಿ, ಆಮೇಲೆ ಕಿರಿದಾದ ರಸ್ತೆಯಲ್ಲಿ ಬಸ್ಸು, ಕೊನೆಗೆ ಇನ್ನೊಂದು ಪುಟ್ಟ ಫೆರ್ರಿ. ಇಷ್ಟೆಲ್ಲ ದಾಟಿ ಹೋದವರ ಕೈಗೆ ಅಲ್ಲಿ ಏನು ಕೊಡ್ತಾರೆ ಗೊತ್ತಾ? ಪಾತ್ರೆ ತೊಳೆಯೋ ಕೆಲಸ! ಯಾಕೆ ಅಂತ ಗೊತ್ತಾಗಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2/6
ಕ್ರಿ.ಶ. 563. ಐರ್ಲೆಂಡಿನಿಂದ ಕೊಲಂಬಾ ಅನ್ನೋ ಸನ್ಯಾಸಿ ಹನ್ನೆರಡು ಜನ ಸಂಗಡಿಗರ ಜೊತೆ ಇಲ್ಲಿಗೆ ಬಂದು ಮಠ ಕಟ್ಟಿದ. ಆ ಮಠದಲ್ಲಿ ಗ್ರಂಥಗಳನ್ನ ಕೈಯಲ್ಲಿ ನಕಲು ಮಾಡ್ತಿದ್ರು. ಈಗ ಡಬ್ಲಿನ್ನಿನಲ್ಲಿರೋ ಜಗತ್ಪ್ರಸಿದ್ಧ 'ಬುಕ್ ಆಫ್ ಕೆಲ್ಸ್' ಶುರುವಾಗಿದ್ದು ಇಲ್ಲೇ ಅಂತ ಹಲವು ವಿದ್ವಾಂಸರು ಹೇಳ್ತಾರೆ. ಆಮೇಲೆ ವೈಕಿಂಗರು ಬಂದರು. 795ರಲ್ಲಿ ಮೊದಲ ದಾಳಿ. 806ರಲ್ಲಿ ಒಂದೇ ದಾಳಿಗೆ 68 ಜನ ಸತ್ತರು. ಮಠದ ಹಲವರು ಐರ್ಲೆಂಡಿನ ಕೆಲ್ಸ್‌ಗೆ ಹೋದರು. ಆದರೂ ಈ ಜಾಗದ ಮೇಲಿನ ಭಕ್ತಿ ಹೋಗಲಿಲ್ಲ. 'ಮ್ಯಾಕ್‌ಬೆತ್' ಓದಿದವರಿಗೆ ಡಂಕನ್ ರಾಜನ ಹೆಣವನ್ನ ಒಂದು ಪವಿತ್ರ ಜಾಗಕ್ಕೆ ಒಯ್ಯೋದು ನೆನಪಿರಬಹುದು. ಆ ಜಾಗ ಇದೇ ಅಯೋನಾ.

3/6
1200ರ ಸುಮಾರಿಗೆ ಬೆನೆಡಿಕ್ಟೈನ್ ಸನ್ಯಾಸಿಗಳಿಗಾಗಿ ಅಲ್ಲಿ ಕಲ್ಲಿನ ಮಠ ಎದ್ದಿತು. 1560ರಲ್ಲಿ ಸ್ಕಾಟ್ಲೆಂಡಿನ ಚರ್ಚು ಪ್ರೊಟೆಸ್ಟಂಟ್ ಆಯ್ತು, ಮಠದ ಜೀವನ ಮುಗೀತು. ಚಾವಣಿ ಹೋಯ್ತು, ಗೋಡೆ ಮೇಲೆ ಹುಲ್ಲು ಬೆಳೀತು. 1899ರಲ್ಲಿ ಆರ್ಗೈಲ್‌ನ ಡ್ಯೂಕ್ ಈ ಪಾಳುಕಟ್ಟಡವನ್ನ ಒಂದು ಟ್ರಸ್ಟಿಗೆ ಬಿಟ್ಟುಕೊಟ್ಟ. ಅವನ ಷರತ್ತು: ಎಲ್ಲ ಪಂಗಡದ ಕ್ರೈಸ್ತರಿಗೂ ಇಲ್ಲಿ ಆರಾಧನೆಗೆ ಅವಕಾಶ ಇರಬೇಕು. ಟ್ರಸ್ಟು ಚರ್ಚನ್ನ ಸರಿಮಾಡಿಸಿತು. ಆದರೆ ಸನ್ಯಾಸಿಗಳು ಉಣ್ಣುತ್ತಿದ್ದ, ಮಲಗುತ್ತಿದ್ದ ಭಾಗ ಹಾಳಾಗೇ ಉಳೀತು. ಪೂಜೆಗೆ ಜಾಗ ಇತ್ತು, ಬದುಕೋಕೆ ಇರಲಿಲ್ಲ. ಈ ಮಾತು ನೆನಪಿಟ್ಕೊಳ್ಳಿ.

4/6
ಈಗ ನಮ್ಮ ಎಕನಾಮಿಕ್ಸ್ ಪುಸ್ತಕಕ್ಕೆ ಬರೋಣ. ಮಹಾ ಆರ್ಥಿಕ ಕುಸಿತ, ಐದು ಮಾರ್ಕಿನ ಪ್ರಶ್ನೆ. ಗ್ಲಾಸ್ಗೋದ ಕ್ಲೈಡ್ ನದಿ ದಡದಲ್ಲಿ ಅದು ಹೀಗಿತ್ತು: 'ಕ್ವೀನ್ ಮೇರಿ' ಅನ್ನೋ ಭಾರೀ ಹಡಗಿನ ಕೆಲಸ 1931ರ ಡಿಸೆಂಬರಿನಲ್ಲಿ ನಿಂತುಹೋಯ್ತು. ಮತ್ತೆ ಶುರುವಾಗಿದ್ದು 1934ರಲ್ಲಿ. ಅಲ್ಲೀವರೆಗೂ ಅರ್ಧ ಕಟ್ಟಿದ ಹಡಗು ಹಾಗೇ ನಿಂತಿತ್ತು. ಕೆಲಸ ಗೊತ್ತಿದ್ದ ಗಂಡಸರು ಬೀದಿಯಲ್ಲಿ ನಿಂತಿದ್ರು. ಅದೇ ನದಿ ದಡದ ಗೋವನ್‌ಗೆ 1930ರಲ್ಲಿ ಪಾದ್ರಿಯಾಗಿ ಬಂದವರು ಜಾರ್ಜ್ ಮೆಕ್ಲೌಡ್. ಅನುಕೂಲಸ್ಥ ಮನೆತನದವರು, ಮೊದಲ ಮಹಾಯುದ್ಧದಲ್ಲಿ ಶೌರ್ಯಪದಕ ಪಡೆದವರು. ಬೀದಿಯಲ್ಲಿ ಅವರಿಗೆ ಕಂಡಿದ್ದು ಒಂದೇ: ಚರ್ಚಿನ ಭಾಷೆಗೂ ಈ ಜನರ ಬದುಕಿಗೂ ಸಂಬಂಧವೇ ಇರಲಿಲ್ಲ.

5/6
1938ರಲ್ಲಿ ಅವರು ಗೋವನ್ ಬಿಟ್ಟು ಅಯೋನಾಕ್ಕೆ ಹೊರಟರು. ಜೊತೆಗೆ ಕೆಲಸವಿಲ್ಲದ ಕುಶಲಕರ್ಮಿಗಳು, ಮತ್ತೆ ಪಾದ್ರಿಯಾಗಲು ಓದಿದ್ದ ಹುಡುಗರು. ಹಾಳುಬಿದ್ದ ಆ ಊಟದ ಮನೆ, ಮಲಗೋ ಕೋಣೆಗಳನ್ನ ಮತ್ತೆ ಕಟ್ಟೋದು ಅವರ ಕೆಲಸ. ಎಲ್ಲರೂ ಮರದ ಗುಡಿಸಲಲ್ಲಿ ಒಟ್ಟಿಗೆ ಇದ್ದರು, ಒಟ್ಟಿಗೆ ಪ್ರಾರ್ಥಿಸಿದರು. ಇಲ್ಲಿ ಮೇಸ್ತ್ರಿ ಯಾರು ಹೇಳಿ? ಕಲ್ಲುಕೆಲಸದವರು, ಬಡಗಿಗಳು. ಡಿಗ್ರಿ ಇದ್ದ ಹುಡುಗರು ಅವರಿಗೆ ಕೈಯಾಳು. ಬೀದಿಯಲ್ಲಿ ಬೇಡವಾಗಿದ್ದ ಮನುಷ್ಯ ಇಲ್ಲಿ ಗುರು! ಟೀಕೆಯೂ ಬಂತು. ಇವರು ರೋಮಿನ ಕಡೆ ವಾಲ್ತಿದ್ದಾರೆ ಅಂತ ಕೆಲವರು, ಮಾಸ್ಕೋ ಕಡೆ ಅಂತ ಇನ್ನು ಕೆಲವರು. ಮರುವರ್ಷವೇ ಎರಡನೇ ಮಹಾಯುದ್ಧ. ಆದರೂ ಕೆಲಸ ಬಿಡಲಿಲ್ಲ. ಕಟ್ಟಿ ಮುಗಿದಿದ್ದು 1965ರಲ್ಲಿ.

6/6
ಲೆಕ್ಕ ಹಾಕಿದ್ರೆ ಇದು ಏನೂ ಅಲ್ಲ. ಬೆರಳೆಣಿಕೆಯ ಜನರಿಗೆ ಕೆಲಸ ಸಿಕ್ಕಿತು, ಗೋವನ್ನಿನ ನಿರುದ್ಯೋಗ ಇದರಿಂದ ಹೋಗಲಿಲ್ಲ. ನಾನೂ ಮೊದಲು ಹಾಗೇ ಅಂದ್ಕೊಂಡೆ, ಬಿಕಾಂ ಬುದ್ಧಿ. ಆದರೆ ಕೆಲಸ ಹೋದಾಗ ಹೋಗೋದು ಸಂಬಳ ಮಾತ್ರ ಅಲ್ಲ ಕಣ್ರಿ. 'ನನ್ನಿಂದ ಯಾರಿಗೂ ಉಪಯೋಗ ಇಲ್ಲ' ಅನ್ನೋದು ಮನಸ್ಸಿಗೆ ಹತ್ತಿಬಿಡುತ್ತೆ. ನಮ್ಮ ಮನೆಗಳಲ್ಲೂ ಅಂಥ ಮುಖ ನೋಡಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಮೆಕ್ಲೌಡ್ ಅವರಿಗೆ ದಾನ ಕೊಡಲಿಲ್ಲ, 'ನೀವು ಇಲ್ಲದೆ ಈ ಗೋಡೆ ಏಳಲ್ಲ' ಅನ್ನೋ ಜಾಗದಲ್ಲಿ ನಿಲ್ಲಿಸಿದರು. ಅದಕ್ಕೇ ಇವತ್ತು ರಿಟ್ರೀಟಿಗೆ ಹೋದವರೂ ಅಲ್ಲಿ ತರಕಾರಿ ಹೆಚ್ಚಬೇಕು, ನೆಲ ಒರೆಸಬೇಕು. ಕೆಲಸ ಬೇರೆ ಪ್ರಾರ್ಥನೆ ಬೇರೆ ಅಂತ ಅಲ್ಲಿ ಇಲ್ಲ.

ದ್ವೀಪದ ದಕ್ಷಿಣಕ್ಕೆ ಕೊಲಂಬಾ ಬಂದಿಳಿದ ಅಂತ ನಂಬೋ ಒಂದು ಕೊಲ್ಲಿ ಇದೆ. ಯಾತ್ರಿಕರು ಅಲ್ಲಿ ಒಂದು ಕಲ್ಲನ್ನ ಸಮುದ್ರಕ್ಕೆ ಎಸೀತಾರೆ, ಬಿಟ್ಟುಬಿಡಬೇಕಾದ ಒಂದು ವಿಷಯ ನೆನೆಸ್ಕೊಂಡು. ಇನ್ನೊಂದನ್ನ ಕೈಯಲ್ಲಿ ಹಿಡ್ಕೊಂಡು ವಾಪಸ್ ಬರ್ತಾರೆ.

ನೀವಾದ್ರೆ ಏನು ಎಸೀತಿದ್ರಿ? ಕಾಮೆಂಟಲ್ಲಿ ಹೇಳಿ. ಕೆಲಸ ಹುಡುಕ್ತಿರೋ ಗೆಳೆಯರಿಗೆ ಇದನ್ನ ಕಳಿಸಿ.

#ದ್ವೀಪದಕಥೆ #ಅಯೋನಾ #ಇತಿಹಾಸ