ಗಡಿಯಾರದ ಥರ ಬಡಿಯೋ ಹೃದಯ ಒಳ್ಳೆಯದಾ? | ಇತಿಹಾಸದ ಪುಟ, ಭಾಗ 9

(1/6)
ಹೋದ ವಾರ ಇಂಟರ್ನಲ್ಸ್ ಮುಗಿಸಿ ಕ್ಯಾಂಟೀನಲ್ಲಿ ಕೂತಿದ್ವಿ. ಗೆಳೆಯನೊಬ್ಬ ಸ್ಮಾರ್ಟ್‌ವಾಚ್ ತೋರಿಸಿ, "ಎಚ್‌ಆರ್‌ವಿ 34 ಅಂತಿದೆ ಕಣೋ, ನನ್ ಹಾರ್ಟ್‌ಗೆ ಏನಾದ್ರೂ ಆಗಿದ್ಯಾ?" ಅಂದ. ನಗೋಕೆ ಹೋದವನು ಸುಮ್ಮನಾದೆ. 2021ರಲ್ಲಿ ಅಪ್ಪು ಹೋದ ಮೇಲೆ ನಮ್ಮ ವಯಸ್ಸಿನವರಿಗೂ ಎದೆ ಅಂದ್ರೆ ಒಂದು ಭಯ ಕೂತಿದೆ, ಅಲ್ವಾ? ಉತ್ತರ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ಸುಮಾರು 290 ವರ್ಷದ ಕಥೆ.

(2/6)
1733. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಕೊಳವೆ ಜೋಡಿಸಿ ರಕ್ತದ ಒತ್ತಡ ಅಳೆದ. ಉಸಿರಿನ ಜೊತೆ ಒತ್ತಡವೂ ನಾಡಿಯೂ ಏರಿಳಿಯೋದು ಅವನ ಕಣ್ಣಿಗೆ ಬಿತ್ತು. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್, ತಿರುಗುವ ಉರುಳೆಯ ಮೇಲೆ ಗೆರೆ ಎಳೆಯುವ ಯಂತ್ರದಿಂದ ಇದನ್ನೇ ದಾಖಲಿಸಿದ. ಈಗಲೇ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿ. ಒಳಗೆ ಎಳೆದಾಗ ಚೂರು ಚುರುಕು, ಹೊರಗೆ ಬಿಟ್ಟಾಗ ಚೂರು ನಿಧಾನ. ಹೃದಯಕ್ಕೆ ಒಂದು ನರಜಾಲ ಆಕ್ಸಿಲರೇಟರ್, ವೇಗಸ್ ನರ ಬ್ರೇಕು. ಇಬ್ಬರ ಜಗ್ಗಾಟ ನಡೀತಿದ್ರೇನೇ ಈ ಏರಿಳಿತ.

(3/6)
1900ರ ದಶಕದ ಶುರುವಿನಲ್ಲಿ ನೆದರ್ಲೆಂಡ್ಸಿನ ಐಂಥೋವನ್ ಇಸಿಜಿ ಯಂತ್ರ ಕೊಟ್ಟ. ಆದ್ರೆ ರೋಗಿ ಅಲ್ಲಾಡದೆ ಇರಬೇಕಿತ್ತು. ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ ಅದನ್ನ ಬೆನ್ನಿಗೇರಿಸಿದ. ಮೊದಲನೇ ಯಂತ್ರದ ತೂಕ ಸುಮಾರು 38 ಕೆಜಿ! ಹಾರ್ಟ್ ಅಟ್ಯಾಕ್ ಆದ ಮೇಲೆ ನಮ್ಮ ಅಜ್ಜ ಒಂದಿನ ಪೂರ್ತಿ ಕೊರಳಿಗೆ ತೂಗುಹಾಕ್ಕೊಂಡು ಓಡಾಡಿದ ಪುಟ್ಟ ಡಬ್ಬಿಯ ಹೆಸರೂ ಹೋಲ್ಟರ್. ಆಗ ಅದು ಯಾರದೋ ಹೆಸರು ಅಂತ ನಂಗೆ ಗೊತ್ತೇ ಇರ್ಲಿಲ್ಲ.

(4/6)
1960ರ ದಶಕದಲ್ಲಿ ಹಾನ್ ಮತ್ತು ಲೀ ಹೊಟ್ಟೆಯೊಳಗಿನ ಮಗುವಿನ ಬಡಿತ ಗಮನಿಸಿದ್ರು. ಮಗು ಸಂಕಟದಲ್ಲಿದ್ರೆ ಬಡಿತದ ವೇಗ ಬದಲಾಗೋ ಮೊದಲೇ ಬಡಿತಗಳ ನಡುವಿನ ಅಂತರ ಬದಲಾಗ್ತಿತ್ತು. ಆಮೇಲೆ ಬಂತು 1987. ಕ್ಲೈಗರ್ ಮತ್ತು ಜೊತೆಗಾರರು ಹಾರ್ಟ್ ಅಟ್ಯಾಕ್‌ನಿಂದ ಬದುಕುಳಿದ 808 ಜನರ 24 ಗಂಟೆಯ ಹೋಲ್ಟರ್ ದಾಖಲೆ ನೋಡಿದ್ರು. ಅವರು ತೆಗೆದ ಲೆಕ್ಕ ಯಾವ್ದು ಗೊತ್ತಾ? ನಾವು ಸ್ಟ್ಯಾಟಿಸ್ಟಿಕ್ಸ್ ಪೇಪರಲ್ಲಿ ಬೈಕೊಂಡು ಮಾಡೋ ಸ್ಟ್ಯಾಂಡರ್ಡ್ ಡೀವಿಯೇಷನ್! ಅದು 50 ಮಿಲಿಸೆಕೆಂಡ್‌ಗಿಂತ ಕಡಿಮೆ ಇದ್ದವರಿಗೆ, 100 ದಾಟಿದವರಿಗಿಂತ ಸಾವಿನ ಅಪಾಯ 5.3 ಪಟ್ಟು. ಗಡಿಯಾರದ ಹಾಗೆ ಬಡಿಯೋ ಹೃದಯವೇ ಹೆಚ್ಚು ಅಪಾಯದಲ್ಲಿತ್ತು.

(5/6)
ಅಟ್ಯಾಕ್ ಆದ ಮೇಲೆ ಹೃದಯದ ಸ್ನಾಯುವಿನಲ್ಲಿ ಕಲೆ ಉಳಿಯುತ್ತೆ. ವಿದ್ಯುತ್ ಸಂಕೇತ ಅಲ್ಲಿ ಸುತ್ತು ಹೊಡೆಯೋಕೆ ಶುರುವಾದ್ರೆ ಕೆಳಕೋಣೆಗಳು, ಅಂದ್ರೆ ಹೃತ್ಕುಕ್ಷಿಗಳು, ಲಯ ತಪ್ಪುತ್ತವೆ. ಅದು ಬರೀ ನಡುಕಕ್ಕೆ ತಿರುಗಿದ್ರೆ ರಕ್ತ ಹೊರಗೆ ಹೋಗಲ್ಲ, ನಿಮಿಷಗಳಲ್ಲಿ ಜೀವ ಹೋಗುತ್ತೆ. ಬ್ರೇಕ್ ನರ ಸೋತಾಗ ಈ ಅಪಾಯ ಜಾಸ್ತಿ. ಹಾಗಾದ್ರೆ ಎಚ್‌ಆರ್‌ವಿ ಕಡಿಮೆ ಇದ್ದವರಿಗೆಲ್ಲ ಶಾಕ್ ಕೊಟ್ಟು ಲಯ ಸರಿಪಡಿಸೋ ಐಸಿಡಿ ಹಾಕಿದ್ರೆ ಆಯ್ತಲ್ಲ?

2004ರ 'ಡಿನಮಿಟ್' ಪ್ರಯೋಗ ಹೆಚ್ಚುಕಡಿಮೆ ಅದನ್ನೇ ಮಾಡ್ತು. ಅಟ್ಯಾಕ್ ಆಗಿ 6ರಿಂದ 40 ದಿನ ಆಗಿದ್ದ 674 ಜನ. ಎಲ್ಲರ ಹೃದಯವೂ ದುರ್ಬಲ, ಜೊತೆಗೆ ಎಚ್‌ಆರ್‌ವಿ ಕಡಿಮೆ ಅಥವಾ ಬಡಿತದ ವೇಗ ಜಾಸ್ತಿ. ಲಯ ತಪ್ಪಿ ಸತ್ತವರು: ಐಸಿಡಿ ಇಲ್ಲದವರಲ್ಲಿ 29, ಇದ್ದವರಲ್ಲಿ 12. ಗೆದ್ದಂಗೇ ಅಲ್ವಾ? ಒಟ್ಟು ಸಾವು ನೋಡಿ: ಇಲ್ಲದವರಲ್ಲಿ 58, ಇದ್ದವರಲ್ಲಿ 62. ಬೇರೆ ಕಾರಣದ ಸಾವು ಹೆಚ್ಚಾಗಿ ಲಾಭವೆಲ್ಲ ಕೊಚ್ಚಿಹೋಗಿತ್ತು. ಅಂದ್ರೆ ಯಾರು ಅಪಾಯದಲ್ಲಿದ್ದಾರೆ ಅಂತ ಎಚ್‌ಆರ್‌ವಿ ಹೇಳಬಹುದು. ಸಾವು ಯಾವ ಬಾಗಿಲಿಂದ ಬರುತ್ತೆ ಅಂತ ಅದು ಸರಿಯಾಗಿ ಹೇಳಲ್ಲ.

(6/6)
ಗೆಳೆಯನಿಗೆ ನಾನು ಹೇಳಿದ್ದು ಇಷ್ಟು. ಆ 50 ಅನ್ನೋ ಗೆರೆ ಹಾರ್ಟ್ ಅಟ್ಯಾಕ್ ಆದವರ 24 ಗಂಟೆಯ ಲೆಕ್ಕ. ನಿನ್ನ ವಾಚು ಅಳೆಯೋದು ಚಿಕ್ಕ ಹೊತ್ತು, ಎಷ್ಟೋ ಸಲ ಬೇರೆ ಸೂತ್ರದಲ್ಲಿ. ಎರಡನ್ನೂ ಹೋಲಿಸೋದು ಅಂಗಡಿಯ ಒಂದು ಸಂಜೆಯ ಗಲ್ಲಾ ನೋಡಿ ವರ್ಷದ ಬ್ಯಾಲೆನ್ಸ್ ಶೀಟ್ ಬರೆದ ಹಾಗೆ. ನಂಬರ್ ಜಾಸ್ತಿ ಇದ್ರೂ ನಿಶ್ಚಿಂತೆ ಅಂತಲ್ಲ, ಕೆಲವು ಲಯದೋಷಗಳಲ್ಲೂ ಅದು ಏರುತ್ತೆ.

ಆದ್ರೆ ಆಟ ಆಡ್ತಾ ತಲೆ ತಿರುಗಿ ಬಿದ್ರೆ, ಎದೆ ನೋವು ಬಂದ್ರೆ, ಮನೆಯಲ್ಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಹಠಾತ್ತಾಗಿ ತೀರಿಕೊಂಡಿದ್ರೆ ವಾಚ್ ನೋಡ್ತಾ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ. ಪರವಾಗಿಲ್ಲ ಅಂತ ವಾಚ್ ಹೇಳಿದ್ರೂ ಹೋಗಿ.

ಅಜ್ಜ ಆರಾಮಾಗಿದ್ದಾರೆ. ಗೆಳೆಯ ಸದ್ಯಕ್ಕೆ ವಾಚ್ ಬಿಚ್ಚಿಟ್ಟು ಮಲಗ್ತಿದ್ದಾನೆ 🙂

ನಿಮ್ಮ ಗುಂಪಲ್ಲೂ ಹೀಗೆ ನಂಬರ್ ನೋಡಿ ಹೆದರೋರು ಇದ್ರೆ ಅವರಿಗೆ ಕಳಿಸಿ.

#ಇತಿಹಾಸದಪುಟ #ಹೃದಯ #ಕನ್ನಡದಲ್ಲಿವಿಜ್ಞಾನ